ಹಳೆಯ ಎಂಜಿನ್‌ಗೆ ಊದುವ ಮುನ್ನ: ಟರ್ಬೊ ಹಾಕುವುದೋ, ಸೂಪರ್‌ಚಾರ್ಜರೋ?

ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ ಹಳೆಯ ಕಾರಿನ ನಿಜವಾದ ವಯಸ್ಸು ಹೊರಬೀಳುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಐದಾರು ಮುಗಿಯುವಷ್ಟರಲ್ಲಿ ಎರಡನೆಯ ಗೇರ್ ಸಾಲದಾಗುತ್ತದೆ. ಮೊದಲನೆಯದಕ್ಕೆ ಇಳಿಸಿದರೆ ಎಂಜಿನ್ ಅರಚುತ್ತದೆ. ಹಿಂದಿನ ಮಿನಿ ಬಸ್ಸಿನವನು ಹಾರ್ನ್ ಒತ್ತುತ್ತಲೇ ಇರುತ್ತಾನೆ. ಮನೆಗೆ ಬಂದವರು ಮೊಬೈಲ್ ಹಿಡಿದು ಹುಡುಕುವುದು ಒಂದನ್ನೇ: ಇದಕ್ಕೊಂದು ಟರ್ಬೊ ಕೂರಿಸಿದರೆ ಹೇಗೆ?

ಮಂಗಳೂರಿನ ಬೈಕಂಪಾಡಿಯಲ್ಲಿ ಗೆಳೆಯನೊಬ್ಬನ ವರ್ಕ್‌ಶಾಪ್ ಇದೆ. ಭಾನುವಾರಗಳಲ್ಲಿ ನಾನು ಅಲ್ಲಿ ಸ್ಪ್ಯಾನರ್ ಎತ್ತಿಕೊಡುವ, ಲೆಕ್ಕ ಹಾಕಿಕೊಡುವ ಕೆಲಸ ಮಾಡುತ್ತೇನೆ. ಈ ಪ್ರಶ್ನೆ ಹೊತ್ತು ಬಂದವರನ್ನು ಸಾಕಷ್ಟು ನೋಡಿದ್ದೇನೆ. ಯಾವುದರಲ್ಲಿ ಪವರ್ ಜಾಸ್ತಿ ಎಂದೇ ಎಲ್ಲರೂ ಶುರು ಮಾಡುತ್ತಾರೆ. ಪವರ್ ಎಷ್ಟು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ) ಬೇಕು, ಕೆಟ್ಟರೆ ಇಲ್ಲಿ ರಿಪೇರಿ ಮಾಡುವವರು ಯಾರು ಎಂದು ಕೇಳಿದವರು ಒಬ್ಬರೋ ಇಬ್ಬರೋ. ಆಯ್ಕೆ ನಿಂತಿರುವುದು ಈ ಎರಡು ಪ್ರಶ್ನೆಗಳ ಮೇಲೆಯೇ.

ಎರಡೂ ಯಂತ್ರಗಳು ಮಾಡುವುದು ಕಮ್ಮಾರನ ತಿದಿಯ ಕೆಲಸ. ಎಂಜಿನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಒಳಗೆ ತುರುಕುವುದು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸೇರಿಸಿ ಸುಡುವುದು. ತಿದಿ ಒತ್ತುವವರು ಮಾತ್ರ ಬೇರೆ. ಟರ್ಬೊವನ್ನು ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ತಿರುಗಿಸುತ್ತದೆ. ಸೂಪರ್‌ಚಾರ್ಜರನ್ನು ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ದಂಡ) ಪುಲ್ಲಿಯಿಂದ ಬಂದ ಬೆಲ್ಟ್ ತಿರುಗಿಸುತ್ತದೆ. ಅಮೆರಿಕದ ರೂಟ್ಸ್ ಸಹೋದರರು ಸೂಪರ್‌ಚಾರ್ಜರಿನ ಮೂಲವಾದ ತಮ್ಮ ಬ್ಲೋವರಿಗೆ (ಗಾಳಿ ಊದುವ ಯಂತ್ರ) ಪೇಟೆಂಟ್ ಪಡೆದದ್ದು 1860ರಲ್ಲಿ, ಕಾರು ಹುಟ್ಟುವುದಕ್ಕೂ ಮೊದಲು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಟರ್ಬೊಗೆ ಪೇಟೆಂಟ್ ಪಡೆದದ್ದು 1905ರಲ್ಲಿ.

ಮೊದಲು ಎಂಜಿನ್ನಿನ ಉಸಿರು ನೋಡಿ

ಚಾರ್ಜರ್ ಯಾವುದೆಂದು ಯೋಚಿಸುವ ಮೊದಲು, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಒಂದು ಕಂಪ್ರೆಷನ್ ಗೇಜ್ ಹುಡುಕಿ. ಎಂಜಿನ್ ಬಿಸಿಯಾಗಿರಲಿ. ಎಲ್ಲ ಪ್ಲಗ್‌ಗಳನ್ನೂ ಬಿಚ್ಚಿ, ಇಂಜೆಕ್ಟರ್ ಮತ್ತು ಇಗ್ನಿಷನ್ ಕನೆಕ್ಟರ್‌ಗಳನ್ನು ತೆಗೆದಿಡಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಲಿ, ಇನ್ನೊಬ್ಬರು ಗೇಜ್ ನೋಡಲಿ. ಪ್ರತಿ ಸಿಲಿಂಡರಿಗೂ ಐದಾರು ಸುತ್ತು ಸಾಕು. ಬಂದ ಅಂಕಿಗಳನ್ನು ಬರೆದುಕೊಳ್ಳಿ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ನಡುವಿನ ವ್ಯತ್ಯಾಸ ಶೇ. 10ರೊಳಗಿದ್ದರೆ ಮುಂದಿನ ಮಾತು.

ಒಮ್ಮೆ ಕಾರ್ಕಳದಿಂದ ಒಬ್ಬರು 2002ರ ಮಾರುತಿ ಎಸ್ಟೀಮ್ ತಂದಿದ್ದರು. ಬಣ್ಣ ಹೊಸದು, ಸೀಟು ಕವರ್ ಹೊಸದು, ಟರ್ಬೊ ಕೂಡ ಡಿಕ್ಕಿಯಲ್ಲಿ ಪೆಟ್ಟಿಗೆ ಸಮೇತ ರೆಡಿ. ಗೇಜ್ ತೋರಿಸಿದ್ದು ಹೀಗೆ: 175, 170, 172, ಕೊನೆಯದು 120 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎನ್ನುವ ಒತ್ತಡದ ಅಳತೆ). ಗೆಳೆಯ ಅಂಕಿಗಳನ್ನು ಬಾನೆಟ್ಟಿನ ಒಳಬದಿಯಲ್ಲಿ ಚಾಕ್‌ಪೀಸಿನಿಂದ ಬರೆದು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಮಾರಾಯರೇ, ಇದು ಮೂರು ಸಿಲಿಂಡರಿನ ಕಾರು. ನೀವು ನಾಲ್ಕಕ್ಕೆ ಪೆಟ್ರೋಲ್ ಹಾಕಿಸುತ್ತಿದ್ದೀರಿ.” ನಾಲ್ಕನೆಯದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆವು. 120 ಇದ್ದದ್ದು 155ಕ್ಕೆ ಏರಿತು. ಹಾಗೆ ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ ಎಂದರ್ಥ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ. ಅವರು ಟರ್ಬೊ ಪೆಟ್ಟಿಗೆಯನ್ನು ಹಾಗೆಯೇ ಮನೆಗೆ ಒಯ್ದು, ಮೊದಲು ರಿಂಗ್ ಕೆಲಸ ಮಾಡಿಸಿದರು. ಆಮೇಲೆ ಆಗುಂಬೆಗೆ ಹೋಗಿ ಬಂದು ಫೋನ್ ಮಾಡಿದಾಗ ಟರ್ಬೊ ಮಾತೇ ಬರಲಿಲ್ಲ.

ಇದು ಅಪರೂಪದ ಕಥೆಯಲ್ಲ. ಹಳೆಯ ಕಾರಿನಲ್ಲಿ ಕಳೆದುಹೋದ ಶಕ್ತಿಯೇ ಹದಿನೈದು ಇಪ್ಪತ್ತು ಕುದುರೆಗಳಷ್ಟಿರಬಹುದು. ಅದನ್ನು ಮೊದಲು ವಾಪಸ್ ತನ್ನಿ. ರೇಡಿಯೇಟರ್ ಒಳಗಿನ ತುಕ್ಕು, ಟೈಮಿಂಗ್ ಬೆಲ್ಟ್, ಎಂಜಿನ್ ಮೌಂಟ್, ಕ್ಲಚ್ ಪ್ಲೇಟ್, ಬಿಸಿಯಾದಾಗಿನ ಆಯಿಲ್ ಪ್ರೆಷರ್ ಇಷ್ಟನ್ನೂ ನೋಡಿ. ಉಳುವ ಮುದಿ ಕೋಣಕ್ಕೆ ಹಣೆಪಟ್ಟಿ ಕಟ್ಟಿದರೆ ಅದು ಕಂಬಳದ ಕೋಣವಾಗುವುದಿಲ್ಲ.

ಕಾಗದದ ಮಾತು, ಬೇಸರವಾದರೂ

ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಎಂದು ಸೇರಿತು. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಬಾನೆಟ್ಟಿನ ಅಡಿಗೇ. ಆದ್ದರಿಂದ ಕಾರು ಮಂಗಳೂರಿನ ಕೆಎ-19 ಇರಲಿ, ಉಡುಪಿಯ ಕೆಎ-20 ಇರಲಿ, ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ‘ಏನೂ ಆಗುವುದಿಲ್ಲ, ಹಾಕಿಸಿ’ ಎಂಬ ಬಾಯಿಮಾತಿಗೆ ಬೆಲೆ ಇಲ್ಲ. ಅನುಮತಿ ಸಿಗದಿದ್ದರೆ ಈ ಕೆಲಸ ಸ್ಪರ್ಧೆಗೆಂದೇ ಇಟ್ಟುಕೊಂಡ, ಟ್ರೈಲರ್ ಮೇಲೆ ಹೋಗಿ ಬರುವ ಕಾರಿಗೆ ಮಾತ್ರ. ರಸ್ತೆಯ ಕಾರಿನವರು ಇಲ್ಲಿಗೇ ನಿಂತು, ಉಳಿದ ದುಡ್ಡಿನಲ್ಲಿ ಒಳ್ಳೆಯ ಟೈರ್ ಹಾಕಿಸಿಕೊಂಡರೂ ನಷ್ಟವಿಲ್ಲ.

ನಿಮ್ಮ ರಸ್ತೆ ಯಾವುದು?

ಆಯ್ಕೆಯ ಹೃದಯ ಇಲ್ಲಿದೆ. ಒಂದು ವಾರ ಕಾರು ಓಡಿಸುವಾಗ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಮೇಲೆ ಕಣ್ಣಿಡಿ. ‘ಇಲ್ಲಿ ಇನ್ನಷ್ಟು ಎಳೆಯಬೇಕಿತ್ತು’ ಎನ್ನಿಸಿದಾಗಲೆಲ್ಲ ಮುಳ್ಳು ಎಲ್ಲಿತ್ತು ಎಂದು ಗುರುತು ಹಾಕಿಕೊಳ್ಳಿ.

ಆಗುಂಬೆ, ಚಾರ್ಮಾಡಿ, ಶಿರಾಡಿ ಕಡೆ ಓಡಾಡುವವರ ಗುರುತೆಲ್ಲ 1,500ರಿಂದ 3,000ದೊಳಗೆ ಬೀಳುತ್ತದೆ. ತಿರುವಿಗೆ ಬರುವಾಗ ಕಾಲು ಎತ್ತುತ್ತೀರಿ, ಸ್ಟೇರಿಂಗ್ ತಿರುಗಿಸುತ್ತೀರಿ, ತಿರುವಿನ ಕೊನೆಯಲ್ಲಿ ಮತ್ತೆ ಒತ್ತುತ್ತೀರಿ. ಕಾಲು ಎತ್ತಿದೊಡನೆ ಹೊಗೆಯ ರಭಸ ಇಳಿದು ಟರ್ಬೊ ನಿಧಾನವಾಗುತ್ತದೆ. ಮತ್ತೆ ಒತ್ತಿದಾಗ ಅದು ವೇಗ ಪಡೆಯಲು ಒಂದೆರಡು ಕ್ಷಣ ಬೇಕು. ಹೆದ್ದಾರಿಯಲ್ಲಿ ಗೊತ್ತೇ ಆಗದ ಆ ಒಂದೆರಡು ಕ್ಷಣ, ಏರಿನ ತಿರುವಿನಲ್ಲಿ ಕಾರನ್ನು ಬಹುತೇಕ ನಿಲ್ಲಿಸಿಬಿಡುತ್ತದೆ. ಬಳಿಕ ಶಕ್ತಿ ಒಮ್ಮೆಲೇ ಬಂದು, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಸುಮ್ಮನೆ ಸುತ್ತುತ್ತದೆ. ಬೆಲ್ಟಿನ ಸೂಪರ್‌ಚಾರ್ಜರಿನಲ್ಲಿ ಈ ಕಾಯುವಿಕೆ ಇಲ್ಲ. 1,800 ಆರ್‌ಪಿಎಂನಲ್ಲಿಯೂ ಅದು ಪಾಲು ಕೊಡುತ್ತದೆ. ಕಾರಿನ ಎಂಜಿನ್ ದೊಡ್ಡದಾದಂತೆ ಅನ್ನಿಸುತ್ತದೆ, ಅಷ್ಟೇ.

ಇನ್ನು ನಂತೂರಿನಿಂದ ಹೊರಟು ಸುರತ್ಕಲ್, ಪಡುಬಿದ್ರಿ ಮೂಲಕ ಉಡುಪಿಗೆ ದಿನವೂ ಹೋಗಿ ಬರುವವರ ಮಾತು ಬೇರೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮುಳ್ಳು ಹೆಚ್ಚಿನ ಹೊತ್ತು 2,500ರ ಮೇಲೆಯೇ. ಲಾರಿ ಹಿಂದಿಕ್ಕುವಾಗ ಬೇಕಾದ ಶಕ್ತಿಯನ್ನು ಸಣ್ಣ ಟರ್ಬೊ ಸಲೀಸಾಗಿ ಕೊಡುತ್ತದೆ. ಸುಮ್ಮನೆ ಹೋಗುವಾಗ ಎಂಜಿನ್ನಿನ ಮೇಲೆ ಹೊರೆಯಾಗುವುದೂ ಇಲ್ಲ. ಇಲ್ಲಿ ಟರ್ಬೊವೇ ಸರಿ.

ಒಂದು ಎಚ್ಚರಿಕೆ. ಸೂಪರ್‌ಚಾರ್ಜರ್ ಎಂದೊಡನೆ ಎಲ್ಲವೂ ಘಾಟಿಗೆ ಹೊಂದುವುದಿಲ್ಲ. ರೂಟ್ಸ್ ಮತ್ತು ಟ್ವಿನ್ ಸ್ಕ್ರೂ ಮಾದರಿಗಳು ಪ್ರತಿ ಸುತ್ತಿಗೂ ಇಷ್ಟೇ ಗಾಳಿ ಎಂದು ಅಳೆದು ದೂಡುವಂಥವು. ಕೆಳಗಿನ ಆರ್‌ಪಿಎಂನಲ್ಲಿಯೇ ಕೆಲಸ ಮಾಡುತ್ತವೆ. ಸೆಂಟ್ರಿಫ್ಯೂಗಲ್ ಮಾದರಿಯಲ್ಲಿ ಇರುವುದು ಟರ್ಬೊದ ಗಾಳಿ ಬದಿಯೇ, ಬೆಲ್ಟಿಗೆ ಕಟ್ಟಿದ್ದು. ಎಂಜಿನ್ನಿನ ವೇಗ ಅರ್ಧವಾದರೆ ಅದರ ಒತ್ತಡ ಕಾಲುಭಾಗಕ್ಕೆ ಕುಸಿಯುತ್ತದೆ. ಘಾಟಿಗೆಂದು ಅದನ್ನು ಕೊಂಡವರು ಬೆಲ್ಟಿನ ಭಾರ ಹೊತ್ತು ಟರ್ಬೊಗಿಂತಲೂ ಹೆಚ್ಚು ಕಾಯುತ್ತಾರೆ.

ಎರಡೂ ಬೇಕು ಎನ್ನುವವರಿಗೆ: ನಿಸಾನ್ ಕಂಪನಿ 1980ರ ದಶಕದ ಕೊನೆಯಲ್ಲಿ ಮಾರ್ಚ್ ಕಾರಿನ 930 ಸಿಸಿ ಎಂಜಿನ್‌ಗೆ ಎರಡನ್ನೂ ಕೂರಿಸಿತ್ತು. ಅದನ್ನು ಮಾಡಿದ್ದು ಕಾರ್ಖಾನೆ. ನಾವು ಬೈಕಂಪಾಡಿಯಲ್ಲಿ ಆ ಸಾಹಸಕ್ಕೆ ಹೋಗುವುದಿಲ್ಲ.

ಶಾಖದ ಲೆಕ್ಕ

ಹಳೆಯ, ಒಳಗೆ ಏನನ್ನೂ ಬದಲಿಸದ ಎಂಜಿನ್‌ಗೆ ಬೂಸ್ಟ್, ಅಂದರೆ ಚಾರ್ಜರ್ ಕೊಡುವ ಹೆಚ್ಚುವರಿ ಒತ್ತಡ, 5ರಿಂದ 6 ಪಿಎಸ್‌ಐ ಮೀರಬಾರದು ಎನ್ನುವುದು ನನ್ನ ನಿಲುವು. ವಾತಾವರಣದ ಒತ್ತಡ 14.7 ಪಿಎಸ್‌ಐ. ಅದಕ್ಕೆ 6 ಸೇರಿದರೆ ಒತ್ತಡ 1.41 ಪಟ್ಟು. ಕಾಗದದ ಮೇಲೆ ಶೇ. 41ರಷ್ಟು ಹೆಚ್ಚು ಗಾಳಿ, ಆದರೆ ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಮಂಗಳೂರಿನ ಏಪ್ರಿಲ್ ಮಧ್ಯಾಹ್ನ 32 ಡಿಗ್ರಿ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಒಳ್ಳೆಯ ಟರ್ಬೊದಿಂದ ಹೊರಬರುವ ಗಾಳಿ ಸುಮಾರು 75 ಡಿಗ್ರಿ, ರೂಟ್ಸ್ ಬ್ಲೋವರಿನಿಂದ ಬರುವುದು 90ರ ಹತ್ತಿರ. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದಿದ್ದರೆ ನಿಜವಾದ ಲಾಭ ಶೇ. 20ರ ಆಸುಪಾಸಿಗೆ ಇಳಿಯುತ್ತದೆ. ಇಂಟರ್‌ಕೂಲರ್ ಕೂರಿಸಿ ಅದೇ ಗಾಳಿಯನ್ನು 50 ಡಿಗ್ರಿಗೆ ಇಳಿಸಿದರೆ ಲಾಭ ಶೇ. 33. ಬೂಸ್ಟ್ ಹೆಚ್ಚಿಸುವ ಬದಲು ಗಾಳಿ ತಂಪು ಮಾಡಿ ಎಂದು ನಾನು ಎಲ್ಲರಿಗೂ ಹೇಳುವುದು ಈ ಕಾರಣಕ್ಕೆ.

ಕಂಪ್ರೆಷನ್ ಅನುಪಾತವನ್ನೂ (ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬುದನ್ನು) ನೋಡಿ. 9 ಇರುವ ಎಂಜಿನ್‌ಗೆ 6 ಪಿಎಸ್‌ಐ ಕೊಟ್ಟರೆ, ಸ್ಥೂಲ ಲೆಕ್ಕದಲ್ಲಿ 12.7ರ ಅನುಪಾತವಿದ್ದಂತೆ. ಅಲ್ಲಿಗೆ ನಾಕಿಂಗ್ (ಪೆಟ್ರೋಲ್ ಹದ ತಪ್ಪಿ ತಾನಾಗಿ ಸಿಡಿಯುವುದು) ಬಾಗಿಲಲ್ಲೇ ನಿಂತಿರುತ್ತದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರು 10.25ರ ಅನುಪಾತದ ಎಂಜಿನ್‌ಗೆ ಟರ್ಬೊ ಕಟ್ಟಿ, ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಸಿಂಪಡಿಸುವ ಒಂದು ಟ್ಯಾಂಕ್ ಇಟ್ಟಿತ್ತು. ಮಾಲೀಕರು ಆ ಟ್ಯಾಂಕ್ ತುಂಬಿಸಲು ಮರೆತರು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಿತ್ತು ಹಾಕಲಾಯಿತು.

ಟರ್ಬೊ ಎಂದು ನಿರ್ಧರಿಸಿದರೆ

ನಮ್ಮ ಕರಾವಳಿಯಲ್ಲಿ ಟರ್ಬೊಗೆ ಒಂದು ದೊಡ್ಡ ಅನುಕೂಲವಿದೆ. ಲಾರಿ, ಬಸ್ಸು, ಮಲ್ಪೆ ಮತ್ತು ಮಂಗಳೂರು ಬಂದರಿನ ಬೋಟುಗಳು ಎಂದು ಡೀಸೆಲ್ ಎಂಜಿನ್ನುಗಳ ಸಂತೆಯೇ ಇಲ್ಲಿರುವುದರಿಂದ ಟರ್ಬೊ ಬಿಚ್ಚಿ ಕಟ್ಟಿದ ಕೈಗಳು ಸಿಗುತ್ತವೆ. ಅದೇ ಕಾರಣಕ್ಕೆ ಒಂದು ಆಮಿಷವೂ ಇದೆ: ಗುಜರಿಯಿಂದ 1.3 ಲೀಟರ್ ಡೀಸೆಲ್ ಕಾರಿನ ಸಣ್ಣ ಟರ್ಬೊ ತಂದು ಪೆಟ್ರೋಲ್ ಎಂಜಿನ್‌ಗೆ ಹಾಕುವುದು. ಅಳತೆ ಸರಿಹೊಂದಬಹುದು. ಆದರೆ ಪೆಟ್ರೋಲಿನ ಹೊಗೆ ಡೀಸೆಲಿಗಿಂತ ನೂರು ಡಿಗ್ರಿಗೂ ಹೆಚ್ಚು ಬಿಸಿ. ಜೋರಾಗಿ ಓಡಿಸಿದಾಗ 900 ಡಿಗ್ರಿ ಮುಟ್ಟುತ್ತದೆ. ಡೀಸೆಲಿನ ಹೌಸಿಂಗ್ ಬಿರುಕು ಬಿಡಬಹುದು. ಒಳಗೆ ಅಲುಗುಗಳು ಅಲುಗಾಡುವ ವಿಜಿಟಿ ಮಾದರಿಯನ್ನಂತೂ ಮುಟ್ಟಬೇಡಿ. 2006ರಲ್ಲಿ ಪೋರ್ಷೆ 911 ಟರ್ಬೊ ಅದನ್ನು ಪೆಟ್ರೋಲಿಗೆ ತಂದದ್ದು ಶಾಖ ತಡೆಯುವ ವಿಶೇಷ ಲೋಹಗಳನ್ನು ಬಳಸಿ. ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಇರುವ, ಪೆಟ್ರೋಲ್ ಕಾರಿನಿಂದಲೇ ಬಂದ ಟರ್ಬೊ ಹುಡುಕಿ.

ಅಳವಡಿಕೆಯಲ್ಲಿ ಹೆಚ್ಚಿನವರು ಎಡವುವುದು ಎಣ್ಣೆ ವಾಪಸ್ ಬರುವ ಪೈಪಿನಲ್ಲಿ. ನನ್ನ ಭಾವನ ಕಾರಿನಲ್ಲಿ ಟರ್ಬೊ ಹಾಕಿದ ಎರಡನೆಯ ವಾರವೇ ನೀಲಿ ಹೊಗೆ ಶುರುವಾಯಿತು. ಸೀಲ್ ಹೋಗಿದೆ ಎಂದು ಟರ್ಬೊ ಬದಲಿಸಿದರು. ಮತ್ತೆ ಹೊಗೆ. ಇನ್ನೊಂದು ಟರ್ಬೊ ಬಂತು, ಮತ್ತೂ ಹೊಗೆ. ಕೊನೆಗೆ ಕಾರನ್ನು ಎತ್ತಿ ಟಾರ್ಚ್ ಹಿಡಿದು ನೋಡಿದರೆ, ಟರ್ಬೊದಿಂದ ಸಂಪ್‌ಗೆ (ಎಂಜಿನ್ನಿನ ಅಡಿಯ ಎಣ್ಣೆ ತಟ್ಟೆ) ಇಳಿಯುವ ರಬ್ಬರ್ ಪೈಪು ಸ್ಟಾರ್ಟರ್ ಮೋಟಾರನ್ನು ತಪ್ಪಿಸಲು ಒಂದು ಅಂಗುಲ ಮೇಲೇರಿ ಕೆಳಗಿಳಿದಿತ್ತು. ಆ ಪೈಪಿನಲ್ಲಿ ಒತ್ತಡವಿಲ್ಲ. ಎಣ್ಣೆ ತನ್ನ ಭಾರದಿಂದಲೇ ಇಳಿಯಬೇಕು. ಒಂದು ಅಂಗುಲದ ಏರು ಸಾಕು, ಎಣ್ಣೆ ಹಿಂದೆ ನಿಂತು ಸೀಲ್ ದಾಟಿ ಸೈಲೆನ್ಸರಿಗೆ ಹೋಗುತ್ತದೆ. ಬಿಚ್ಚಿ ತೆಗೆದಿದ್ದ ಎರಡು ಟರ್ಬೊಗಳೂ ಚೆನ್ನಾಗಿಯೇ ಇದ್ದವು. ಪೈಪು ದಪ್ಪವಾಗಿರಲಿ, ನೇರವಾಗಿ ಕೆಳಗಿಳಿಯಲಿ, ಸಂಪಿನಲ್ಲಿ ಎಣ್ಣೆಯ ಮಟ್ಟಕ್ಕಿಂತ ಮೇಲೆಯೇ ಸೇರಲಿ. ಪೈಪಿನ ಜೋಡಣೆ ಬೆಸೆಯಲು ಸಂಪ್ ಬಿಚ್ಚಿ. ಅದು ಎಂಜಿನ್ನಿನಲ್ಲಿ ಇದ್ದಂತೆಯೇ ತೂತು ಕೊರೆದರೆ ಲೋಹದ ಪುಡಿ ಬೇರಿಂಗಿಗೆ ಹೋಗುತ್ತದೆ.

ಸೂಪರ್‌ಚಾರ್ಜರ್ ಎಂದು ನಿರ್ಧರಿಸಿದರೆ

ಇಲ್ಲಿ ಶಾಖದ ಪೈಪುಗಳ ರಗಳೆ ಕಡಿಮೆ, ಲೇತ್ ಕೆಲಸ ಹೆಚ್ಚು. ಬೂಸ್ಟ್ ಎಷ್ಟು ಎಂಬುದನ್ನು ಪುಲ್ಲಿಯ ಅಳತೆ ನಿರ್ಧರಿಸುತ್ತದೆ. 1,300 ಸಿಸಿ ಎಂಜಿನ್ ಕ್ರ್ಯಾಂಕಿನ ಒಂದು ಸುತ್ತಿಗೆ 650 ಸಿಸಿ ಜಾಗ ತೆರೆಯುತ್ತದೆ. ಅದರಲ್ಲಿ ನಿಜವಾಗಿ ತುಂಬುವುದು ಸುಮಾರು 550 ಸಿಸಿ. ನಮಗೆ ಶೇ. 20 ಹೆಚ್ಚು ಬೇಕು, ಅಂದರೆ 660. ತನ್ನ ಒಂದು ಸುತ್ತಿಗೆ 500 ಸಿಸಿ ದೂಡುವ ಬ್ಲೋವರ್ ಸೋರಿಕೆ ಕಳೆದು 425 ಕೊಡುತ್ತದೆ. 660ನ್ನು 425ರಿಂದ ಭಾಗಿಸಿದರೆ 1.55. ಕ್ರ್ಯಾಂಕ್ ಪುಲ್ಲಿ 140 ಮಿ.ಮೀ. ಇದ್ದರೆ ಬ್ಲೋವರ್ ಪುಲ್ಲಿ 90 ಮಿ.ಮೀ. ಇರಬೇಕು. ಎಂಜಿನ್ 6,000ದಲ್ಲಿ ಓಡುವಾಗ ಬ್ಲೋವರ್ 9,300 ಸುತ್ತುತ್ತದೆ. ಅದು ಆ ಬ್ಲೋವರಿನ ಮಿತಿಯೊಳಗಿದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಈ ಲೆಕ್ಕ ಮಾಡದೆ ‘ದೊಡ್ಡದೇ ಇರಲಿ’ ಎಂದು ಎರಡು ಲೀಟರಿನ ವಿದೇಶಿ ಕಾರಿನ ಬ್ಲೋವರ್ ತಂದವರು ಬ್ರ್ಯಾಕೆಟ್ ಮಾಡಿಸುವುದರಲ್ಲಿಯೇ ಸುಸ್ತಾಗುತ್ತಾರೆ.

ಕ್ರ್ಯಾಂಕ್, ಬ್ಲೋವರ್, ಟೆನ್ಷನರ್ ಪುಲ್ಲಿಗಳು ಒಂದೇ ಗೆರೆಯಲ್ಲಿರಬೇಕು. ಒಂದೆರಡು ಮಿ.ಮೀ. ತಪ್ಪಿದರೂ ಬೆಲ್ಟ್ ಅರಚುತ್ತದೆ, ಸವೆಯುತ್ತದೆ, ಒಂದು ದಿನ ಹಾರುತ್ತದೆ. ಬೈಪಾಸ್ ವಾಲ್ವ್ (ಬೇಡದಾಗ ಗಾಳಿಯನ್ನು ಹಿಂದಕ್ಕೆ ಬಿಡುವ ದಾರಿ) ಇಲ್ಲದ ಬ್ಲೋವರ್ ಬೇಡ. ಸುಮ್ಮನೆ ಓಡುವಾಗಲೂ ಗಾಳಿ ಒತ್ತುತ್ತಾ ಪೆಟ್ರೋಲ್ ಕುಡಿಯುತ್ತದೆ. ವಾಲ್ವ್ ಇದ್ದರೂ ಪೂರ್ತಿ ಒತ್ತಿದಾಗ ಬ್ಲೋವರ್ ತಿರುಗಿಸಲೆಂದೇ ಏಳೆಂಟು ಅಶ್ವಶಕ್ತಿ ಹೋಗುತ್ತದೆ. ಕೆಟ್ಟರೆ ಬಿಡಿಭಾಗ ಹೊರಗಿನಿಂದ ಬರಬೇಕು. ಇದು ಸಣ್ಣ ತೊಂದರೆಯಲ್ಲ: ಒಂದು ಬೇರಿಂಗಿಗಾಗಿ ಕಾರು ತಿಂಗಳುಗಟ್ಟಲೆ ಟಾರ್ಪಾಲಿನಡಿ ಕೂತದ್ದನ್ನು ನೋಡಿದ್ದೇನೆ. ಆದ್ದರಿಂದ ಘಾಟಿಯವರಿಗೂ ನಾನು ಹೇಳುವುದು ಇಷ್ಟು: ಬೇರಿಂಗ್ ಮತ್ತು ಸೀಲ್ ಮೊದಲೇ ತಂದಿಟ್ಟುಕೊಳ್ಳಲು ಆಗುವುದಾದರೆ ಸೂಪರ್‌ಚಾರ್ಜರ್. ಆಗದಿದ್ದರೆ ಆದಷ್ಟು ಸಣ್ಣ ಟರ್ಬೊ, 2,200ಕ್ಕೆಲ್ಲ ಎಚ್ಚರವಾಗುವಂಥದ್ದು.

ಪೆಟ್ರೋಲ್, ಕಿಡಿ, ದುಡ್ಡು

ಎಂಜಿನ್ ಸಾಯುವುದು ಗಾಳಿ ಹೆಚ್ಚಾಗಿ ಅಲ್ಲ, ಗಾಳಿಗೆ ತಕ್ಕ ಪೆಟ್ರೋಲ್ ಸಿಗದೆ. ಬೂಸ್ಟ್ ಬಂದಾಗ ಗಾಳಿ ಮತ್ತು ಪೆಟ್ರೋಲಿನ ಅನುಪಾತ 12ರ ಹತ್ತಿರ ಇರಬೇಕು. 85 ಅಶ್ವಶಕ್ತಿಯ ಎಂಜಿನ್ನನ್ನು 110ಕ್ಕೆ ಏರಿಸಲು ನಾಲ್ಕು ಇಂಜೆಕ್ಟರ್‌ಗಳಲ್ಲಿ ಪ್ರತಿಯೊಂದೂ ನಿಮಿಷಕ್ಕೆ ಸುಮಾರು 220 ಸಿಸಿ ಕೊಡಬೇಕು. ಮೂಲ ಇಂಜೆಕ್ಟರ್ ಸಾಲದಿದ್ದರೆ ಬದಲಿಸಿ. ಮೂಲ ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬೂಸ್ಟ್ ಎಂದರೇನೆಂದು ಗೊತ್ತಿಲ್ಲ. ಮೂಲದ ಜೊತೆಗೆ ಕೂರುವ ಪಿಗ್ಗಿಬ್ಯಾಕ್ ಅಥವಾ ಸ್ವತಂತ್ರ ಇಸಿಯು, ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್, ಟ್ಯೂನ್ ಮಾಡಬಲ್ಲವರು ಮೂರೂ ಬೇಕು. ಪ್ರತಿ ಪಿಎಸ್‌ಐಗೆ ಇಗ್ನಿಷನ್ ಒಂದು ಡಿಗ್ರಿ ತಡ, ಪ್ಲಗ್ ಒಂದು ಮಟ್ಟ ತಣ್ಣಗಿನದು, ಗ್ಯಾಪ್ 0.7 ಮಿ.ಮೀ. ಎಂದು ಶುರು ಮಾಡಿ. ಈಗಿನ ಶೇ. 20 ಎಥೆನಾಲ್ ಇರುವ ಪೆಟ್ರೋಲ್ ನಾಕಿಂಗಿಗೆ ಒಳ್ಳೆಯದೇ, ಆದರೆ ಅಷ್ಟೇ ಗಾಳಿಗೆ ಹೆಚ್ಚು ಪೆಟ್ರೋಲ್ ಕೇಳುತ್ತದೆ. ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಅವನ್ನೆಲ್ಲ ಬದಲಿಸಿಯೇ ಮುಂದುವರಿಯಿರಿ.

ಪದ್ಮಿನಿಯಂಥ ಕಾರ್ಬ್ಯುರೇಟರ್ ಕಾರಿನವರಿಗೆ: ಒತ್ತಿದ ಗಾಳಿ ಕಾರ್ಬ್ಯುರೇಟರಿಗೆ ಹೋದರೆ ಪೆಟ್ರೋಲ್ ಪಂಪಿನ ಒತ್ತಡವೂ ಬೂಸ್ಟಿನ ಜೊತೆಗೆ ಏರಬೇಕು. ಇಲ್ಲದಿದ್ದರೆ ಬೇಕಾದಾಗಲೇ ಪೆಟ್ರೋಲ್ ನಿಲ್ಲುತ್ತದೆ. 1089 ಸಿಸಿಯ ಆ ಎಂಜಿನ್ನನ್ನು ಅದರ ಪಾಡಿಗೆ ಬಿಟ್ಟರೆ ನನಗೆ ಹೆಚ್ಚು ಸಂತೋಷ.

ದುಡ್ಡಿನ ವಿಷಯದಲ್ಲಿ ನಮ್ಮ ವರ್ಕ್‌ಶಾಪಿನ ರೂಢಿ: ಚಾರ್ಜರಿಗೆ ಒಂದು ಪಾಲು ಎಂದಾದರೆ ಉಳಿದ ಕೆಲಸಕ್ಕೆ ಎರಡು ಪಾಲು ತೆಗೆದಿಡಿ. ಅಷ್ಟಿಲ್ಲದಿದ್ದರೆ ಚಾರ್ಜರ್ ಕೊಳ್ಳಬೇಡಿ.

ಉಪ್ಪುಗಾಳಿ, ಮಳೆ

ಬೇರೆ ಊರಿನವರ ಸಲಹೆಗಳಲ್ಲಿ ಸಿಗದ ವಿಷಯ ಇದು. ಉಳ್ಳಾಲ, ಮಲ್ಪೆ, ಸುರತ್ಕಲ್ ಕಡೆ ಸಮುದ್ರದ ಹತ್ತಿರ ಮನೆಯಿದ್ದರೆ ಇಂಟರ್‌ಕೂಲರಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬೇಗನೆ ಬಿಳಿ ಪುಡಿ ಏಳುತ್ತದೆ. ವಾರಕ್ಕೊಮ್ಮೆ ಸಿಹಿನೀರು ಹಾಯಿಸಿ. ಹೋಸ್ ಕ್ಲಿಪ್‌ಗಳೆಲ್ಲ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ತಂಪು ಗಾಳಿಯ ಆಸೆಗೆ ಏರ್ ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸಬೇಡಿ. 2018ರ ಮೇ 29ರಂದು ಮಂಗಳೂರಿನ ರಸ್ತೆಗಳು ಹೊಳೆಯಾದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಫಿಲ್ಟರಿಗೆ ನೀರು ಸೇರಿದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕೂರಿಸಿದ ಮೇಲೆ

ಮೊದಲ 500 ಕಿ.ಮೀ. ಪೂರ್ತಿ ಬೂಸ್ಟ್ ಬೇಡ. ಎರಡು ಮೂರು ಸಲ ಬಿಸಿಯಾಗಿ ತಣಿದ ಮೇಲೆ ಮ್ಯಾನಿಫೋಲ್ಡಿನ (ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆ) ನಟ್ಟುಗಳನ್ನು ಮತ್ತೆ ಬಿಗಿ ಮಾಡಿ. ಸೂಪರ್‌ಚಾರ್ಜರಿನವರು ಡಿಕ್ಕಿಯಲ್ಲಿ ಒಂದು ಹೆಚ್ಚುವರಿ ಬೆಲ್ಟ್, ಅದನ್ನು ಹಾಕಲು ಬೇಕಾದ ಸ್ಪ್ಯಾನರ್ ಇಟ್ಟುಕೊಳ್ಳಿ. ಟರ್ಬೊದವರು 5,000 ಕಿ.ಮೀ.ಗೆ ಎಣ್ಣೆ ಬದಲಿಸಿ, ಏರು ಹತ್ತಿ ನಿಂತ ಕೂಡಲೇ ಕೀ ತಿರುಗಿಸದೆ ಒಂದೆರಡು ನಿಮಿಷ ಎಂಜಿನ್ ಸುಮ್ಮನೆ ಓಡಲಿ.

ಕಾಗದ ಸರಿಯಿದ್ದು ಮೊದಲ ಸಲ ಘಾಟಿ ಹತ್ತಿದಾಗ, ಆಗುಂಬೆಯ ಸೂರ್ಯಾಸ್ತದ ಜಾಗದ ಹತ್ತಿರ ನಿಲ್ಲಿಸಿ ಬಾನೆಟ್ ತೆರೆಯಿರಿ. ಟರ್ಬೊ ಕೆಂಡದಂತಿರುತ್ತದೆ, ಅದರ ಹತ್ತಿರ ಕೈ ಒಯ್ಯಬೇಡಿ. ಒಂದು ಕಡ್ಡಿಗೆ ಬಿಳಿ ಬಟ್ಟೆ ಸುತ್ತಿ, ಎಣ್ಣೆ ಪೈಪಿನ ಎರಡೂ ಜೋಡಣೆಗಳ ಕೆಳಗೆ ಒರೆಸಿ ನೋಡಿ. ಬಟ್ಟೆ ಒಣಗಿದ್ದರೆ ಚಹಾ ಕುಡಿಯಲು ಹೋಗಬಹುದು. ಎಣ್ಣೆ ಅಂಟಿದ್ದರೆ ಎಂಜಿನ್ ತಣಿಯುವವರೆಗೆ ಅಲ್ಲಿಯೇ ಕಾದು, ಜೋಡಣೆ ಬಿಗಿ ಮಾಡಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ.